ಉರಿಯದ ದೀಪದ ವಿಚಾರಣೆ

ಉರಿಯುವ ದೀಪದ ವಿಷಯಕ್ಕೆ ಗಂಡ ಹೆಂಡತಿ ಜಗಳವಾಡುವುದು ಎಲ್ಲ ಮನೆಯಲ್ಲೂ ಇದ್ದದ್ದೇ. (ಬಚ್ಚಲುಮನೆಯ ಲೈಟು ಆರಿಸದೆ ಬಂದವರು ಯಾರು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ ಯಾವಾಗಲೂ ನಾನೇ.) ಆದರೆ ಉರಿಯದ ದೀಪವೊಂದರಿಂದ ಹಾಡುಹಗಲೇ ಮಾನ ಕಳೆದುಕೊಂಡ ಗಂಡಸು ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಆ ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ.

ನಮ್ಮಲ್ಲೊಂದು ಹಳೆಯ ಕಾರಿದೆ. ಹನ್ನೊಂದು ವರ್ಷದಿಂದ ಅದರ ಕೀಲಿ ನನ್ನ ಪ್ಯಾಂಟಿನ ಜೇಬು ಬಿಟ್ಟು ಬೇರೆ ಲೋಕ ಕಂಡಿರಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳನ್ನು ಊರಾಚೆಯ ಹೊಸ ಲ್ಯಾಬಿಗೆ ಹಾಕಿದ್ದರು. ಸೋಮವಾರದಿಂದ ಬೆಳಗ್ಗೆ ಏಳಕ್ಕೇ ಡ್ಯೂಟಿ, ಎರಡು ಬಸ್ಸು ಬದಲಾಯಿಸಬೇಕು. ಅವಳು ಸದ್ದಿಲ್ಲದೆ ಡ್ರೈವಿಂಗ್ ಕ್ಲಾಸಿಗೆ ಹೋಗಿ, ಲೈಸೆನ್ಸನ್ನೂ ತಂದು, ಭಾನುವಾರ ಬೆಳಗ್ಗೆ ನನ್ನೆದುರು ಅಂಗೈ ಚಾಚಿದಳು.

"ಕೀಲಿ ಕೊಡಿ. ಒಂದ್ಸಲ ನೋಡ್ತೀನಿ."

ನೋಡಲಿ, ನೋಡಿ ವಾಪಸು ಕೊಡಲಿ ಎಂಬ ಔದಾರ್ಯದಿಂದ ಕೊಟ್ಟೆ. ಅವಳು ಕೂತು, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಅರ್ಧ ಮಾತ್ರ ತಿರುಗಿಸಿ, ಸ್ಟಿಯರಿಂಗ್ ಹಿಂದಿನ ದೀಪಗಳಿಗೆ ಹಾಜರಿ ಕೂಗಲು ಶುರುಮಾಡಿದಳು.

"ಬ್ಯಾಟರಿ ಇದೆ. ಬ್ರೇಕು ಇದೆ. ರೀ, ಎಂಜಿನ್ ಆಯಿಲ್‌ದು ಕೆಂಪು ದೀಪ ಎಲ್ಲಿ? ಉರೀತಾನೇ ಇಲ್ಲ."

"ಉರೀತಿಲ್ಲ ಅಂದ್ರೆ ತೊಂದ್ರೆ ಇಲ್ಲ ಅಂತ ಕಣೇ. ಸಂತೋಷಪಡು."

"ಎಂಜಿನ್ ಚಾಲೂ ಆದ್ಮೇಲೆ ಆರಬೇಕು. ಅದಕ್ಕೆ ಮುಂಚೆ ಉರೀಲೇಬೇಕು ಅಂತ ನಮ್ಮ ಕ್ಲಾಸಿನ ಮೇಡಂ ಹೇಳಿದಾರೆ. ಉರೀಲಿಲ್ಲ ಅಂದ್ರೆ ದೀಪಾನೇ ಕೆಟ್ಟಿದೆ. ನಾಳೆ ಆಯಿಲ್ ಖಾಲಿಯಾದ್ರೂ ನಮಗೆ ಗೊತ್ತಾಗಲ್ಲ."

ನನಗೆ ರೇಗಿತು. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದ ಮುಖ್ಯಸ್ಥ. ನಲ್ಲಿಯಲ್ಲಿ ನೀರಿಲ್ಲವೆಂದು ಫೋನು ಮಾಡಿದವರು ಮೂರು ದಿನ ಮತ್ತೆ ಮಾಡದಿದ್ದರೆ 'ದೂರು ಇತ್ಯರ್ಥ' ಎಂದು ಮೊಹರು ಒತ್ತುವುದು ನಮ್ಮ ಕಾರ್ಯವಿಧಾನ. (ಮೂರನೆಯ ದಿನ ರಿಸೀವರನ್ನು ಪಕ್ಕಕ್ಕೆತ್ತಿ ಇಡುವುದೂ ಅದರಲ್ಲೇ ಸೇರಿದೆ.) ಸದ್ದಿಲ್ಲವೆಂದರೆ ಸಮಸ್ಯೆಯಿಲ್ಲ ಎಂಬ ತತ್ತ್ವದ ಮೇಲೆ ಇಪ್ಪತ್ತೆರಡು ವರ್ಷ ಬಾಳಿದವನಿಗೆ ಇವಳು ಪಾಠ ಹೇಳುವುದೇ!

"ಸರಿ, ಪಂದ್ಯ" ಎಂದಳು. "ಆ ದೀಪ ಯಾಕೆ ಉರೀತಿಲ್ಲ ಅಂತ ಸಂಜೆಯೊಳಗೆ ಪತ್ತೆ ಮಾಡಿ. ಮಾಡಿದ್ರೆ ಕೀಲಿ ನೀವೇ ಇಟ್ಕೊಳ್ಳಿ, ನಾನು ಬಸ್ಸಲ್ಲೇ ಸಾಯ್ತೀನಿ. ಇಲ್ಲಾಂದ್ರೆ ನಾಳೆಯಿಂದ ಕಾರು ನಂದು."

ಹನ್ನೊಂದು ವರ್ಷದ ಸಾಮ್ರಾಜ್ಯ ಒಂದು ಪುಟ್ಟ ದೀಪಕ್ಕೆ ಜೋತುಬಿತ್ತು. ತೋಳೇರಿಸಿ ಕಣಕ್ಕಿಳಿದೆ.

ಮೊದಲು ಫ್ಯೂಸು. "ಮಿಕ್ಕ ದೀಪ ಎಲ್ಲಾ ಉರೀತಿವೆಯಲ್ರೀ, ಫ್ಯೂಸು ಯಾಕೆ ಕೀಳ್ತೀರಿ?" ಎಂದು ಅವಳು ಹೇಳುತ್ತಿದ್ದಂತೆಯೇ ಹದಿನಾಲ್ಕನ್ನೂ ಕಿತ್ತೆ. ಒಂದೂ ಸುಟ್ಟಿರಲಿಲ್ಲ. ತಿರುಗಿ ಹಾಕುವಾಗ ಹದಿಮೂರಕ್ಕೆ ಮಾತ್ರ ಜಾಗ ಸಿಕ್ಕಿತು. ಅಂದಿನಿಂದ ನಮ್ಮ ಹಾರ್ನು ಮೌನವ್ರತ ಹಿಡಿದಿದೆ.

ಅವಳು ಕಾರಿನ ಜೊತೆ ಬಂದ ಪುಸ್ತಕ ಹುಡುಕಿ ತೆಗೆದು, ಕನ್ನಡಕ ಏರಿಸಿ ಓದಿದಳು. "ಎಂಜಿನ್ ಪಕ್ಕದಲ್ಲಿ ಒಂದು ಸ್ವಿಚ್ಚಿದೆ. ಅದಕ್ಕೆ ಒಂದೇ ವೈರು. ಅದನ್ನ ಕಿತ್ತು ಎಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿ. ದೀಪ ಉರಿದ್ರೆ ಸ್ವಿಚ್ಚು ಕೆಟ್ಟಿದೆ. ಉರೀಲಿಲ್ಲ ಅಂದ್ರೆ ವೈರು ಇಲ್ಲಾ ಬಲ್ಬು."

ಬಾನೆಟ್ಟಿನೊಳಗೆ ತಲೆ ತೂರಿಸಿ ಮುಟ್ಟಿಸಿದೆ. "ಉರೀತಾ?"

"ಇಲ್ಲ."

"ಈಗ?"

"ಇಲ್ಲ. ನಿಮ್ಮ ಮೂಗಿಗೆ ಮಸಿ ಆಗಿದೆ."

ಮಧ್ಯಾಹ್ನದ ಹೊತ್ತಿಗೆ ಮಸಿ ಮೂಗಿನಿಂದ ಕಿವಿಗೆ, ಕಿವಿಯಿಂದ ಬನಿಯನ್ನಿಗೆ ವಲಸೆ ಹೋಗಿತ್ತು. ಸೋಲು ಕಣ್ಣಮುಂದೆ ಬಂದಾಗ ನಮ್ಮ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದೆ. ಪರರ ನೆರವು ಕೂಡದೆಂದು ಪಂದ್ಯದಲ್ಲಿ ಹೇಳಿರಲಿಲ್ಲ.

"ಆ ಕೆಂಪು ದೀಪಾನಾ ಸಾರ್?" ಎಂದು ಅವನು ತಡವರಿಸಿದ. "ಈಗ ಯಾಕೆ ಸಾರ್ ಅದು? ನಾಳೆ ನೀವೊಬ್ರೇ ಬನ್ನಿ, ಮಾತಾಡೋಣ."

"ಈಗಲೇ ಬಾ. ಮನೆಯವರ ಮುಂದೇನೇ ಪತ್ತೆ ಆಗಬೇಕು" ಎಂದೆ. ದೇವರು ಬುದ್ಧಿ ಕಿತ್ತುಕೊಳ್ಳುವುದೆಂದರೆ ಹೀಗೆ.

ಬಂದ. ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ನೆಲ ನೋಡಿದ. ಆಮೇಲೆ ನಿಟ್ಟುಸಿರಿಟ್ಟು ಡ್ಯಾಷ್‌ಬೋರ್ಡಿನ ಸ್ಕ್ರೂಗಳನ್ನು ಬಿಚ್ಚಿದ. ದೀಪಗಳ ತಟ್ಟೆ ಹೊರಗೆ ಬಂತು. ಅವಳು ಬಗ್ಗಿ ನೋಡಿದವಳೇ ಕಿರುಚಿದಳು.

"ಅಯ್ಯೋ! ಬಲ್ಬೇ ಇಲ್ಲ! ಬರೀ ತೂತು!"

ಬಲ್ಬು ಸುಟ್ಟಿದ್ದರೆ ಸಹಜ ಮರಣ. ಬಲ್ಬೇ ಇಲ್ಲವೆಂದರೆ ಅಪಹರಣ! ನನ್ನ ಕಾರಿಗೆ ಕೈ ಹಾಕಿದವರು ಯಾರು? ದೂರು ವಿಭಾಗದ ಮುಖ್ಯಸ್ಥನ ಸಕಲ ರೋಷವೂ ನೆತ್ತಿಗೇರಿತು.

"ಯಾವನೋ ಅವನು? ಎಚ್ಚರಿಕೆ ದೀಪ ಕೀಳೋನಿಗೆ ತಲೆಯಲ್ಲಿ ಏನಿರುತ್ತೆ? ಅವನಿಗೆ ಜನ್ಮದಲ್ಲಿ ಕಾರಿನ ಕೀಲಿ ಕೊಡಬಾರದು!"

ಮೆಕ್ಯಾನಿಕ್ ನನಗೆ ಕಣ್ಸನ್ನೆ ಮಾಡಿದ. ಕಣ್ಣಿಗೆ ಧೂಳು ಬಿದ್ದಿರಬೇಕೆಂದುಕೊಂಡು ಮುಂದುವರಿಸಿದೆ. "ಹೇಳಯ್ಯಾ, ಇದು ಯಾರ ಕೆಲಸ? ಹೆದರಬೇಡ, ನಾನಿದೀನಿ."

"ಸಾರ್..." ಅವನು ತಲೆ ಕೆರೆದುಕೊಂಡ. "ನೀವೇ ಅಲ್ವಾ ಸಾರ್? ಮೂರು ತಿಂಗಳ ಹಿಂದೆ ಫೋನ್ ಮಾಡಿ, ಈ ಕೆಂಪು ದೀಪ ಆರ್ತಾನೇ ಇಲ್ಲ, ನಾಳೆ ಮನೆಯವರು ಕಾರಲ್ಲಿ ಕೂರ್ತಾರೆ, ಕಂಡ್ರೆ ರಾಮಾಯಣ ಆಗುತ್ತೆ, ಹೇಗಾದ್ರೂ ಆರಿಸು ಅಂದ್ರಿ. ಎಂಜಿನ್ ನೋಡ್ತೀನಿ ಸಾರ್ ಅಂದೆ. ಎಂಜಿನ್ ತಂಟೆಗೆ ಹೋಗಬೇಡ, ದೀಪ ಕಾಣಬಾರದು ಅಷ್ಟೆ ಅಂದ್ರಿ. ಕಿತ್ತು ಹಾಕಿದೆ."

ನಿಜ ಹೇಳುತ್ತೇನೆ, ನನಗದು ನೆನಪೇ ಇರಲಿಲ್ಲ. ಇತ್ಯರ್ಥವಾದ ದೂರನ್ನು ನೆನಪಿಡುವ ಅಭ್ಯಾಸ ನಮ್ಮ ವಿಭಾಗದಲ್ಲಿ ಯಾರಿಗೂ ಇಲ್ಲ.

ಅವಳು ನನ್ನನ್ನು ಬಿಟ್ಟು ಮೆಕ್ಯಾನಿಕ್ಕಿನ ಕಡೆ ತಿರುಗಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಬಲ್ಬ್ ಹಾಕಪ್ಪ" ಎಂದಳು ಅವನಿಗೆ. ಹಾಕಿದ. ನಾನು ಕಿತ್ತಿದ್ದ ವೈರನ್ನೂ ಸಿಕ್ಕಿಸಿದ. ಅವಳು ಕೀಲಿ ಅರ್ಧ ತಿರುಗಿಸಿದಳು, ದೀಪ ಉರಿಯಿತು. ಎಂಜಿನ್ ಚಾಲೂ ಮಾಡಿದಳು. ದೀಪ ಆರಲಿಲ್ಲ. ಕೆಂಡದ ಹಾಗೆ ನನ್ನನ್ನೇ ನೋಡಿತು.

"ಆಫ್ ಮಾಡಿ ಮೇಡಂ, ಆಫ್ ಮಾಡಿ!" ಎಂದು ಅವನು ಬಾನೆಟ್ಟಿಗೆ ಓಡಿ, ಆಯಿಲ್ ಅಳೆಯುವ ಕಡ್ಡಿ ಎಳೆದು ತೋರಿಸಿದ. ತುದಿ ಒಣಗಿತ್ತು. ಇನ್ನೊಂದು ವಾರ ಓಡಿಸಿದ್ದರೆ ಎಂಜಿನ್ ಕಚ್ಚಿಕೊಂಡು ನಡುರಸ್ತೆಯಲ್ಲೇ ನಿಲ್ಲುತ್ತಿತ್ತಂತೆ. ಆ ವಾರ ಅವಳು ಓಡಿಸುತ್ತಿದ್ದ ವಾರ.

ಅವನು ಗ್ಯಾರೇಜಿಗೆ ಹೋಗಿ ಆಯಿಲ್ ತಂದು ತುಂಬಿದ. ಈ ಸಲ ಎಂಜಿನ್ ಚಾಲೂ ಆದೊಡನೆ ದೀಪ ಮರ್ಯಾದೆಯಾಗಿ ಆರಿತು. ಎಲ್ಲಿ ಸೋರುತ್ತಿದೆಯೆಂದು ನೋಡಲು ಅವನು ಕಾರಿನಡಿಗೆ ತೂರಿದ. ವಾತಾವರಣ ಸ್ವಲ್ಪ ತಿಳಿಯಾಯಿತೆಂದು ಭ್ರಮಿಸಿ ಗಂಟಲು ಸರಿಮಾಡಿಕೊಂಡೆ. ಸೋತವನಿಗೂ ಕಾನೂನಿದೆಯಲ್ಲ!

"ನೋಡು, ಇನ್ನೂ ನಾಲ್ಕೂವರೆ. ಸಂಜೆಯೊಳಗೆ ಕಾರಣ ಪತ್ತೆ ಆಯ್ತು. ಪಂದ್ಯದ ಪ್ರಕಾರ ಕೀಲಿ..." ಎಂದು ಕೈ ಚಾಚಿದೆ.

"ಪತ್ತೆ ಆಯ್ತು" ಎಂದಳು ಅವಳು ಶಾಂತವಾಗಿ. "ಕಾರಣ ನನ್ನೆದುರಿಗೇ ಕೈ ಚಾಚ್ಕೊಂಡು ನಿಂತಿದೆ. ಅವನಿಗೆ ಜನ್ಮದಲ್ಲಿ ಕೀಲಿ ಕೊಡಬಾರದು ಅಂತ ಈಗ ತಾನೇ ದೊಡ್ಡ ಮನುಷ್ಯರೊಬ್ಬರು ತೀರ್ಪು ಕೊಟ್ರಲ್ಲ?"

ಕೀಲಿ ಅವಳ ಕೈಚೀಲದೊಳಗೆ ಬಿತ್ತು, ಜಿಪ್ಪು ಎಳೆದ ಸದ್ದೂ ಕೇಳಿಸಿತು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಮೂಗಿನ ಮಸಿ ಒರೆಸಿಕೊಂಡೆ.

"ಹಾಗಾದ್ರೆ ನಾಳೆ ನಾನು ಆಫೀಸಿಗೆ ಹೋಗೋದು ಹೇಗೆ?"

ಅವಳಿಗಿಂತ ಮುಂಚೆ ಕಾರಿನಡಿಯಿಂದ ಉತ್ತರ ಬಂತು. "ಒಂಬತ್ತೂ ಕಾಲಿಗೆ ಬಸ್ಸಿದೆ ಸಾರ್. ನಮ್ಮ ಗ್ಯಾರೇಜ್ ಮುಂದೇನೇ ನಿಲ್ಲುತ್ತೆ."