ಮೂರರ ಗಂಡು, ಏಳರ ಹೆಣ್ಣು

ಹರಿಹರದ ತೋಟಪ್ಪನವರ ಮಗಳ ಮದುವೆಗೆ ಅಡ್ಡಬಂದದ್ದು ಮೈಕ್‌ಸೆಟ್ಟಿನ ಒಂದು ಗುಂಡಿ.

ಮೈಕ್‌ಸೆಟ್ ದಾವಣಗೆರೆಯ ಏಕಾಂತಪ್ಪನದು. ಅವನ ಬಳಿ ಎರಡು ಆಂಪ್ಲಿಫೈಯರ್‌ಗಳಿದ್ದವು. ದೊಡ್ಡ ಹೊಸದರಿಂದ ಗಂಡಿನವರ ಬಿಡದಿ ಮನೆಯ ಹಾರ್ನುಗಳು, ಚಿಕ್ಕ ಹಳೆಯದರಿಂದ ಹೆಣ್ಣಿನವರ ಚಪ್ಪರದ ಹಾರ್ನುಗಳು. ಎರಡನ್ನೂ ಚಪ್ಪರದ ಮೂಲೆಯ ಮಂಚದ ಮೇಲಿಟ್ಟು, ಬೆಳಿಗ್ಗೆಯಿಂದ ಬೀದಿ ತುಂಬ ಓಡಾಡಿ ಕಿವಿಗೊಟ್ಟು, ಸದ್ದಿನ ಗುಂಡಿಯನ್ನು ದೊಡ್ಡದರಲ್ಲಿ ಮೂರಕ್ಕೆ, ಚಿಕ್ಕದರಲ್ಲಿ ಏಳಕ್ಕೆ ನಿಲ್ಲಿಸಿದ್ದ. ಎರಡೂ ಕಡೆ ಸದ್ದು ತೂಗಿ ಕೊಟ್ಟಷ್ಟು ಸಮ. ಇಂಥ ಕೆಲಸಕ್ಕೆ ಕಿವಿ ಬೇಕು. ನಮ್ಮ ಪೇಟೆಯ ದೊಡ್ಡ ಮನುಷ್ಯರಿಗೆ ಇರುವುದು ಕಣ್ಣು, ಅದೂ ಪಕ್ಕದವನ ಎಲೆಗೆ ಏನು ಬಿತ್ತೆಂದು ನೋಡುವ ಕಣ್ಣು.

ಗಂಡಿನ ತಂದೆ ವಾಮದೇವಪ್ಪ ಮಾತು ಕೊಟ್ಟಿದ್ದರು: "ಮದ್ವೆ ಚೆಂದಾಗಿ ಮಾಡಿಕೊಡಪ್ಪ. ಮುಂದಿನ ತಿಂಗ್ಳು ನಮ್ಮ ಎಣ್ಣೆ ಗಿರಣಿ ಸುರುವಾಗ್ತೈತೆ. ಅಲ್ಲಿ ದಿನಾ ಆಳುಗಳ್ನ ಕೂಗಾಕ ನಿನ್ನ ಸೆಟ್ಟೇ ಕಾಯಂ." ಮದುವೆಯ ಕಾಲ ಮುಗಿದರೆ ಆರು ತಿಂಗಳು ನೊಣ ಹೊಡೆಯುತ್ತಿದ್ದ ಏಕಾಂತಪ್ಪನಿಗೆ ಆ ಗಿರಣಿಯೊಂದೇ ಅನ್ನದ ದಾರಿ.

ಮುಹೂರ್ತಕ್ಕೆ ಇನ್ನೊಂದು ಗಂಟೆ ಇರುವಾಗ ವರನ ಸೋದರಮಾವ ಉಜ್ಜನಪ್ಪ ಬಂದು ಕನ್ನಡಕ ಏರಿಸಿದರು.

"ಇದು ಯಾರ್ದೋ?"

"ನಿಮ್ಮ ಬಿಡದಿದು ಯಜಮಾನ್ರೆ. ಆ ಕಡೇದು ಚಪ್ಪರದ್ದು."

"ಅಂದ್ರ ನಮ್ಗೆ ಮೂರು, ಅವ್ರಿಗೆ ಏಳು. ಗಂಡಿನ ಕಡೆಯೋರು ಅರ್ಧಕ್ಕಿಂತ ಕಮ್ಮಿಯೇನೋ?"

"ಹಂಗಲ್ರಿ. ನಿಮ್ದು ದೊಡ್ಡ ಮಿಷನ್ನು. ಅದ್ರ ಮೂರು, ಇದ್ರ ಏಳು, ಎರಡೂ ಒಂದೇ."

"ಮೂರೂ ಏಳೂ ಒಂದೇನೋ? ನನಗೇ ಕಲಿಸಾಕ ಬಂದ್ಯಾ?"

ಅಂದವರೇ ಗುಂಡಿಯನ್ನು ಏಳಕ್ಕೆ ತಿರುಗಿಸಿಯೇಬಿಟ್ಟರು. ಬಿಡದಿಯ ಹಾರ್ನಿನೊಳಗಿನ ಶಹನಾಯಿ ಕತ್ತು ಹಿಸುಕಿದ ಕೋಳಿಯಂತೆ ಕಿರುಚಿತು. ಮೆರವಣಿಗೆಯ ಕುದುರೆ ಹಗ್ಗ ಕಿತ್ತುಕೊಂಡು ಹೊಳೆ ದಾರಿ ಹಿಡಿಯಿತು. ಅದರ ಹಿಂದೆ ನಾಲ್ಕು ಮಂದಿ ಓಡಿದರು.

ಹೆಣ್ಣಿನ ಸೋದರತ್ತೆ ಸರ್ವಮಂಗಳಮ್ಮ ಸುಮ್ಮನಿರುವವರೇ? "ಅವ್ರು ಏಳಾದ್ರೆ ನಾವು ಹತ್ತು" ಎಂದು ಚಿಕ್ಕದನ್ನು ಕೊನೆಮುಟ್ಟ ತಿರುವಿದರು. ಚಪ್ಪರದ ಹಾರ್ನು ಗೊರಗೊರ ಎಂದಿತು. ಅಯ್ಯನವರಿಗೆ ತಮ್ಮ ಮಂತ್ರ ತಮಗೇ ಕೇಳಿಸಲಿಲ್ಲ.

ಏಕಾಂತಪ್ಪ ಎರಡನ್ನೂ ಮೊದಲಿನ ಜಾಗಕ್ಕೆ ತಂದ. ಕೂಡಲೇ ಬಿಡದಿಯಿಂದ ಸುದ್ದಿ ಬಂತು: "ಮೂರರ ಗಂಡು ಅಂತ ಊರು ಆಡ್ಕೊಳ್ತೈತೆ. ನಾವು ಚಪ್ಪರಕ್ಕೆ ಬರಾದಿಲ್ಲ." ದಿನಕ್ಕೆ ನೂರು ಗಾಡಿ ಅರಳೆ ತೂಗಿಸುವ ಮಂದಿ ಒಂದು ಅಂಕಿಗಾಗಿ ಮುಖ ಊದಿಸಿಕೊಂಡು ಕೂತಿದ್ದರು. ನಾಚಿಕೆಯಾದರೂ ಬೇಡವೇ?

"ಏನಾರ ಮಾಡೋ ಮಾರಾಯ, ಕೈ ಮುಗಿತೀನಿ" ಎಂದು ತೋಟಪ್ಪ ಅಳುವಂತಾದರು.

"ಮಿಷನ್ ಕಾದೈತ್ರಿ, ದೂರ ನಿಲ್ರಿ" ಎಂದು ಏಕಾಂತಪ್ಪ ಎಲ್ಲರನ್ನೂ ಸರಿಸಿ, ಮೇಲೆ ಟವೆಲ್ಲು ಹರವಿ ಒಳಗೆ ಕೈಹಾಕಿದ. ಗುಂಡಿಗಳ ಪುಟ್ಟ ಸ್ಕ್ರೂ ಸಡಿಲಿಸಿ, ಸದ್ದು ಏರಿಸಿ ಇಳಿಸುವ ಒಳಗಿನ ಕಡ್ಡಿ ಅಲ್ಲಾಡದಂತೆ, ಗುಂಡಿಯನ್ನಷ್ಟೇ ಹತ್ತಕ್ಕೆ ತಂದು ಬಿಗಿದ. ಸದ್ದು ಇದ್ದಷ್ಟೇ ಇತ್ತು. ಟವೆಲ್ಲು ತೆಗೆದರೆ ಇಬ್ಬರದೂ ಹತ್ತು.

ಉಜ್ಜನಪ್ಪ ಬಂದು ನೋಡಿ, ಕಣ್ಣು ಮುಚ್ಚಿ ಕೇಳಿ, "ಈಗ ನೋಡು, ಎಷ್ಟು ತುಂಬಿ ಬಂತು" ಎಂದರು. ಸರ್ವಮಂಗಳಮ್ಮನೂ ತಲೆದೂಗಿದರು. ಹೊತ್ತಿಗೆ ಸರಿಯಾಗಿ ಅಕ್ಕಿಕಾಳು ಬಿದ್ದವು.

ಊಟವಾದ ಮೇಲೆ ವಾಮದೇವಪ್ಪ ಎಲೆಯಡಿಕೆ ಮೆಲ್ಲುತ್ತ ಮಂಚದ ಹತ್ತಿರ ಬಂದರು. ಜೊತೆಯಲ್ಲಿ ಊಟಕ್ಕೆ ಬಂದಿದ್ದ ಗುತ್ತೂರಿನ ಮೈಕ್‌ಸೆಟ್ ರಜಾಕ್.

"ಕೆಲಸ ಚೊಕ್ಕ ಆತಪ್ಪ. ಆದ್ರ ಗಿರಣಿಗೆ ನಿನ್ನ ಸೆಟ್ಟು ಬ್ಯಾಡ. ಹತ್ತಕ್ಕಿಟ್ರೂ ಇಷ್ಟೇ ಸದ್ದು, ಮುಂದಕ್ಕೆ ಜಾಗಾನೇ ಇಲ್ಲ. ಈ ರಜಾಕನ ಮಿಷನ್ನು ಒಂದಕ್ಕಿಟ್ರೇ ಹೊಳೆ ಆಚೆ ಕೇಳ್ತೈತೆ. ಗಿರಣಿ ಅವ್ನಿಗೆ ಹೇಳೀನಿ."

ಏಕಾಂತಪ್ಪ ನಿಜ ಹೇಳುವಂತಿರಲಿಲ್ಲ. ಹೇಳಿದರೆ ಮತ್ತೆ ಮೂರು, ಏಳು. ಎರಡೂ ಕಡೆಯವರು ಒಂದಾಗಿ ಅವನ ಬೆನ್ನು ಮುರಿಯುತ್ತಿದ್ದರು.

ವಾಮದೇವಪ್ಪ ಅತ್ತ ಹೋದದ್ದೇ ರಜಾಕ್ ಬಗ್ಗಿ, ಸ್ಕ್ರೂ ಮೇಲಿನ ಹೊಸ ಗೀರು ನೋಡಿ ನಕ್ಕ.

"ಗುಂಡಿ ಕಿತ್ತು ಕೂಡಿಸಾದು ನೀನೂ ಕಲ್ತಿಯಲ್ಲ, ಚಲೋ ಆತು. ಆದ್ರ ಹತ್ತಕ್ಕೆ ಯಾರಾರ ಕೂಡಿಸ್ತಾರೇನೋ ಏಕಾಂತಪ್ಪ? ಒಂದಕ್ಕೆ ಕೂಡಿಸ್ಬೇಕು."