ಉತ್ತರಾಣಿ ಬೀಜವೂ ದೊಡ್ಡವ್ವನ ಹುಳುವೂ

ಆತುರ ನನ್ನ ಹುಟ್ಟುಗುಣ. ಬಸ್ಸು ನಿಲ್ಲುವ ಮೊದಲೇ ಇಳಿಯಲು ಹೋಗಿ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಬಿದ್ದಿದ್ದೇನೆ. ಇಂಥವಳು ಹೋಗಿ ಹೋಗಿ ಬೀಜದಿಂದ ಸ್ಟೆರಾಯ್ಡ್ ಬೇರ್ಪಡಿಸುವ ಸಂಶೋಧನೆಗೆ ಕೈ ಹಾಕಿದೆ. ಅಲ್ಲಿ ಒಂದೊಂದು ಹನಿಯೂ ತನಗೆ ಮನಸ್ಸು ಬಂದಾಗಲೇ ಇಳಿಯುವುದು.

ಅದು ತೊಂಬತ್ತರ ದಶಕ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತ, ರಜೆಯಲ್ಲಿ ಮೈಸೂರಿಗೆ ಹೋಗಿ ಪಿಎಚ್.ಡಿ. ಕೆಲಸ ಮಾಡುತ್ತಿದ್ದೆ. ನನ್ನ ಪಾಲಿಗೆ ಬಂದದ್ದು ಉತ್ತರಾಣಿ, ಬದುವಿನ ಮೇಲೆ ನಡೆದವರ ಬಟ್ಟೆಗೆಲ್ಲ ಬೀಜ ಅಂಟಿಸುವ ಕಳೆ. ರೇಷ್ಮೆಹುಳು ಪೊರೆ ಬಿಡಲು, ಗೂಡು ಕಟ್ಟಲು ಅದರ ಮೈಯಲ್ಲಿ ಒಂದು ಸ್ಟೆರಾಯ್ಡ್ ಹಾರ್ಮೋನು ಹುಟ್ಟಬೇಕು. ಅದೇ ವಸ್ತು ಈ ಕಳೆಯ ಬೀಜದಲ್ಲೂ ಇದೆ ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ. ಭೀಮನಬೀಡಿನ ಬದುಗಳಲ್ಲಿ ಹಳೇ ಸೀರೆಯುಟ್ಟು ಬೇಕೆಂದೇ ಅಡ್ಡಾಡಿ, ಆಮೇಲೆ ನೆರಿಗೆಯಿಂದ ಬೀಜ ಬಿಡಿಸಿಕೊಳ್ಳುತ್ತಿದ್ದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಂದ ನೆಂಟರ ಪಂಚೆಯಂಚನ್ನೂ ಬಿಟ್ಟವಳಲ್ಲ.

ಬೀಜವನ್ನು ಪುಡಿಮಾಡಿ, ಎಣ್ಣೆಯಂಶ ತೆಗೆದು, ಮೆಥನಾಲಿನಲ್ಲಿ ನೆನೆಸಿ, ಬಂದ ಕಂದು ಪಾಕವನ್ನು ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿದೆ. ನನ್ನ ಹನಿಯನ್ನೂ ಅಸಲಿ ಹಾರ್ಮೋನಿನ ಹನಿಯನ್ನೂ ಒಂದೇ ಫಲಕದ ಮೇಲೆ ಅಕ್ಕಪಕ್ಕ ಇಟ್ಟು, ಆಮ್ಲ ಸಿಂಪಡಿಸಿ ಕಾಯಿಸಿದರೆ, ಎರಡೂ ಒಂದೇ ಎತ್ತರದಲ್ಲಿ ಹಸಿರು ಚುಕ್ಕೆಗಳಾಗಿ ಮೂಡಿದವು! ನಾನು ಕೂಗಿದ್ದಕ್ಕೆ ಪಕ್ಕದ ಕೋಣೆಯವರು ಬೆಂಕಿ ಬಿತ್ತೆಂದು ಮರಳಿನ ಬಕೆಟ್ ತಂದರು. ಮುಂದೆ ರೋಹಿತದ ಗೆರೆಗಳೂ ತಾಳೆಯಾದವು.

ಇನ್ನು ಹುಳುವಿನ ಮೇಲೆ ಪರೀಕ್ಷೆ. ಕುದೇರಿನಲ್ಲಿ ನನ್ನ ದೊಡ್ಡವ್ವ ರೇಷ್ಮೆ ಸಾಕುತ್ತಿದ್ದಳು. ಆ ಬೆಳೆಯೇ ಅವಳ ಜೀವನ. "ಅರ್ಧ ತಟ್ಟೆಗಳ ಹುಳುಗಳಿಗೆ ಮದ್ದು ಹಾಕಿ, ಅರ್ಧ ಹಾಗೇ ಬಿಡಿ. ಹೋಲಿಸಲು ಏನಾದರೂ ಬೇಕಲ್ಲ" ಎಂದು ಗೈಡು ಮೂರು ಸಲ ಹೇಳಿ ಕಳಿಸಿದ್ದರು.

"ಕಳೆ ಬೀಜದ್ ನೀರ ನನ್ ಉಳಕ್ಕೆ ಉಯ್ತೀಯಾ ಅಮ್ಮಿ? ಸತ್ತೋದ್ರೆ?" ಎಂದಳು ದೊಡ್ಡವ್ವ.

"ಸಾಯಲ್ಲ ದೊಡ್ಡವ್ವ, ಎಲ್ಲಾ ಒಂದೇ ದಿನ ಹಣ್ಣಾಗ್ತವೆ!"

ಅಲ್ಲೊಂದು ಇಲ್ಲೊಂದು ಹುಳು ಹಣ್ಣಾಗಿ ಗೂಡಿಗೆ ಸಿದ್ಧವಾಗುತ್ತಿದ್ದ ಹೊತ್ತು. ಹಜಾರದಲ್ಲಿ ರಾಶಿ ಬಿದ್ದಿದ್ದ ಹಿಪ್ಪುನೇರಳೆ ಸೊಪ್ಪು ಕಂಡದ್ದೇ ನನಗೆ ಮೈಮೇಲಿನ ಎಚ್ಚರ ತಪ್ಪಿತು. ಬಾಟಲಿಯ ಮದ್ದು ಬೆರೆಸಿದ ನೀರಿನಲ್ಲಿ ರಾಶಿಗೆ ರಾಶಿಯನ್ನೇ ನೆನೆಸಿ ತಟ್ಟೆಗಳಿಗೆಲ್ಲ ಹರಡಿಬಿಟ್ಟೆ.

ಮರುದಿನ ಮಧ್ಯಾಹ್ನ ನೋಡಿದರೆ, ಹುಳುಗಳೆಲ್ಲ ಹೊಂಬಣ್ಣಕ್ಕೆ ತಿರುಗಿ ತಲೆಯೆತ್ತಿ ಆಡಿಸುತ್ತಿದ್ದವು. ಮೂರು ದಿನ ಆರಿಸುವ ಕೆಲಸ ಒಂದೇ ದಿನಕ್ಕೆ ಬಂದಿತ್ತು. ಆರಿಸಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಆಗ ನೆನಪಾಯಿತು: ಮದ್ದು ಹಾಕದ ತಟ್ಟೆ ಎಲ್ಲಿ? ಬಿಸಿಲಿಗೇ ಹಣ್ಣಾದವು ಎಂದು ಯಾರಾದರೂ ಅಂದರೆ ನಾನು ಏನು ತೋರಿಸಲಿ? ಎರಡು ವರ್ಷದ ದುಡಿಮೆ ನೀರುಪಾಲಾಯಿತೆಂದು ಅಲ್ಲೇ ಕುಸಿದು ಅತ್ತೆ.

ದೊಡ್ಡವ್ವ ಒಳಗೆ ಹೋಗಿ ಅಡುಗೆಮನೆಯ ಹಿಂದಿನಿಂದ ಒಂದು ತಟ್ಟೆ ಹೊತ್ತು ತಂದಳು. ಅದರಲ್ಲಿ ಒಂದೆರಡು ಬಿಟ್ಟರೆ ಅಷ್ಟೂ ಹುಳು ಇನ್ನೂ ಕರಕರ ಸೊಪ್ಪು ಮೇಯುತ್ತಿದ್ದವು.

"ನಿನ್ನ ನೆಚ್ಕಂಡು ಎಲ್ಲಾನೂ ಒಪ್ಪುಸ್ಬುಡಕಾದದಾ ಅಮ್ಮಿ? ನೀ ಬಾಟ್ಲಿ ಮುಚ್ಚಳ ಬಿಚ್ಚಕೂ ಮುಂಚೇನೇ ಒಂದ್ ತಟ್ಟೇನೂ ವಸಿ ಸೊಪ್ಪನ್ನೂ ಎತ್ತಿ ಮಡಗ್ಬುಟ್ಟೆ."

ಗೈಡು ಆ ಒಂದು ತಟ್ಟೆಯ ಲೆಕ್ಕ ನೋಡಿ, "ಒಂದೇ ಆದರೂ ಬಿಟ್ಟಿದ್ದೀರಲ್ಲ, ನಿಮ್ಮಲ್ಲಿ ಇಷ್ಟು ಶಿಸ್ತಿದೆ ಅಂತ ಗೊತ್ತಿರಲಿಲ್ಲ" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಪ್ರಬಂಧ ಅಚ್ಚಾದಾಗ ಅದರ ಮೊದಲ ಪುಟದಲ್ಲಿ ದೊಡ್ಡವ್ವನ 'ಸಹಕಾರ'ಕ್ಕೆ ಕೃತಜ್ಞತೆ ಸಲ್ಲಿಸಿ, ಕುದೇರಿಗೆ ಹೋಗಿ ಓದಿ ಹೇಳಿದೆ.

"ನಾನೇನ್ ಸಹಕಾರ ಮಾಡ್ದೆ ಅಮ್ಮಿ?"

"ನನ್ನ ನಂಬಲಿಲ್ವಲ್ಲ ದೊಡ್ಡವ್ವ, ಅದೇ."

"ಅಯ್, ಅಷ್ಟೇಯಾ! ಅದ ಯಾವಾಗ ಬೇಕಾದ್ರೂ ಮಾಡ್ಕೊಡ್ತೀನಿ ಬುಡು" ಎಂದಳು.