ಎಡವಟ್ಟಿನ ಇಂಗ್ಲಿಷ್ ಹೆಸರು

ಬೆಳಿಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ನಾನು ಕಾಫಿ ಮುಟ್ಟುವುದಿಲ್ಲ; ಮದುವೆಯಾದಾಗಿನಿಂದ ಒಂದು ದಿನವೂ ತಪ್ಪಿಲ್ಲ. (ಪೂಜೆಯ ನಡುವೆ ಹಾಲು ಉಕ್ಕುವುದೂ ತಪ್ಪಿಲ್ಲ. ಅದು ಒಲೆಯ ದೋಷ.) ಆಮೇಲೆ ನಮ್ಮೂರು ಮಗ್ಗೆಯ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಜಗಲಿಗೆ ಬಂದು ಕಷ್ಟ ಹೇಳಿಕೊಳ್ಳುತ್ತಾರೆ. ನನ್ನಷ್ಟು ತಾಳ್ಮೆಯಿಂದ ಕೇಳುವವರು ಊರಲ್ಲೇ ಇಲ್ಲವಂತೆ.

ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮೋನಿಕಾಗೆ ಮಾತ್ರ ಹೇಳಿದ್ದು ಕಿವಿಗೆ ಬೀಳುವುದಿಲ್ಲ. ನಾಲ್ಕನೇ ಕ್ಲಾಸು. ನೀರು ತಾ ಎಂದರೆ, ಚೊಂಬು ಹಿಡಿದು ಇರುವೆ ಸಾಲು ನೋಡುತ್ತಾ ನಿಂತಿರುತ್ತಾಳೆ. ಶಾಲೆಯ ಮೇಡಂ ನಮ್ಮನ್ನು ಕರೆಸಿ, "ಎಡಿಎಚ್‌ಡಿ ಅಂತ, ಗಮನ ನಿಲ್ಲದ ತೊಂದರೆ ಇರಬಹುದು, ಡಾಕ್ಟರಿಗೆ ತೋರಿಸಿ" ಎಂದರು.

"ಎಡವಟ್ಟಿಗೆ ಇಂಗ್ಲಿಷಲ್ಲಿ ಹಂಗಂತಾರಾ?" ಎಂದರು ಮನೆಯಲ್ಲಿ ಸುದ್ದಿ ಕೇಳಿದ ಅತ್ತೆ ನಾಗರತ್ನಮ್ಮ.

"ಅದು ಕುಣಿದಾಡೋ ಗಂಡುಡುಗ್ರಿಗೆ ಬರೋದು ಕಣಮ್ಮ," ಎಂದರು ನಮ್ಮ ಯಜಮಾನರು. "ಇವಳು ಕೂತ್ರೆ ಏಳಲ್ಲ. ಇರುವೆ ನೋಡೋಕೆ ಅರ್ಧ ದಿನ ಗಮನ ಐತೆ, ಮಗ್ಗಿಗೆ ಇಲ್ವಾ? ಸೋಮಾರಿತನ. ಹಾಸ್ಟೆಲಿಗೆ ಹಾಕಿದ್ರೆ ತಾನೇ ಸರಿಹೋಗ್ತಾಳೆ."

"ಇವಳೇ ಮುದ್ದು ಮಾಡಿ ಕೆಡಿಸ್ಬುಟ್ಲು," ಎಂದು ಅತ್ತೆ ನನ್ನತ್ತ ನೋಡಿದರು.

ಹಾಸ್ಟೆಲ್ ಎಂಬ ಮಾತಿಗೆ ಮಗಳು ಊಟ ಬಿಟ್ಟಳು. ನಾನು ಹಟ ಹಿಡಿದು ಅಪ್ಪ ಮಗಳಿಬ್ಬರನ್ನೂ ಹಾಸನದ ಡಾಕ್ಟರಮ್ಮನ ಬಳಿ ಹೊರಡಿಸಿಕೊಂಡು ಹೋದೆ.

ಆಕೆ ಮೋನಿಕಾಳನ್ನು ಬಹಳ ಹೊತ್ತು ಮಾತಾಡಿಸಿ ಹೇಳಿದರು: "ಇದು ಸೋಮಾರಿತನ ಅಲ್ಲ. ಸಾಕಿದ್ದರಲ್ಲೂ ತಪ್ಪಿಲ್ಲ. ಎಷ್ಟೋ ಹೆಣ್ಣುಮಕ್ಕಳು ಕುಣಿಯಲ್ಲ, ಕೂತಲ್ಲೇ ಮನಸ್ಸು ಊರು ಸುತ್ತುತ್ತೆ. ಇಷ್ಟವಾದದ್ದು ಸಿಕ್ಕರೆ ಅಲ್ಲೇ ಅಂಟಿಕೊಳ್ಳುತ್ತೆ. ಹಾಸ್ಟೆಲಿಗೆ ಹಾಕಿದರೆ ಹೋಗೋದಲ್ಲ. ದೊಡ್ಡವರಲ್ಲೂ ಇರುತ್ತೆ, ಎಷ್ಟೋ ಸಲ ಮನೆತನದಲ್ಲೇ ಬರುತ್ತೆ. ಮನೇಲಿ ಇನ್ಯಾರಾದರೂ ಹೀಗಿದ್ದಾರಾ?" (ಇಷ್ಟನ್ನೂ ನನಗೆ ಆಮೇಲೆ ಯಜಮಾನರು ಹೇಳಿದ್ದು.)

ಯಾರೋ ಮೊಣಕೈಯಿಂದ ತಿವಿದರು. ನಾನು ಜಗಲಿಯಲ್ಲಿ ಮಾಡುವಂತೆಯೇ ತಾಳ್ಮೆಯಿಂದ ತಲೆಯಾಡಿಸಿ, "ಅಯ್ಯೋ ಪಾಪ" ಎಂದೆ.

"ನಾನು ಕೇಳಿದ್ದೇನು, ಹೇಳಿ?" ಎಂದರು ಡಾಕ್ಟರಮ್ಮ.

ನಾನು ಯಜಮಾನರ ಮುಖ ನೋಡಿದೆ.

"ಅಮ್ಮ ಕಿಟಕಿ ಪರದೆ ನೋಡ್ತಿತ್ತು," ಎಂದಳು ಮೋನಿಕಾ. "ಒಂದು ಉಂಗುರ ಬಿಟ್ಟೋಗೈತೆ. ನಾನೂ ಅದನ್ನೇ ನೋಡ್ತಿದ್ದೆ."

ಡಾಕ್ಟರಮ್ಮ ನಕ್ಕು, "ನಿಮ್ಮನ್ನೂ ಒಂದಿನ ಕೂರಿಸಿ ನೋಡೋಣ" ಎಂದರು. ಊರಿನ ಹೆಂಗಸರು ಇಷ್ಟು ವರ್ಷ ಹೇಳಿಕೊಂಡ ಕಷ್ಟಗಳಲ್ಲಿ ಒಂದನ್ನಾದರೂ ನೆನೆಯಲು ನೋಡಿದೆ. ಅವರ ಸೆರಗಿನ ಅಂಚುಗಳಷ್ಟೇ ನೆನಪಾದವು.

ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು.

"ಹಾಸ್ಟೆಲ್ ಬ್ಯಾಡ ಬುಡು," ಎಂದರು ಯಜಮಾನರು. "ಹಾಕಿದ್ರೆ ನಿಮ್ಮಿಬ್ಬರನ್ನೂ ಹಾಕ್ಬೇಕಾಯ್ತದೆ. ಆಮೇಲೆ ನಂಗೆ ಮುದ್ದೆ ತಿರುವೋರ್ಯಾರು?" ಮಲಗಿದ್ದ ಮಗಳತ್ತ ನೋಡಿ ದನಿ ತಗ್ಗಿಸಿದರು. "ಅಮ್ಮಂಗೆ ಇದು ನನ್ನ ಕಡೆಯಿಂದ ಬಂದದ್ದು ಅಂತ ಹೇಳ್ಬುಡ್ತೀನಿ. ನೀನ್ಯಾಕೆ ಮಾತು ಕೇಳ್ಬೇಕು."

"ಬ್ಯಾಡಿ," ಎಂದೆ. "ಮೂಗು, ಬಣ್ಣ, ಗುಂಗುರು ಕೂದಲು, ಎಲ್ಲಾ ನಿಮ್ಮ ಕಡೇದೇ ಅಂತ ಅತ್ತೆ ಊರಿಗೆಲ್ಲ ಹೇಳ್ಕಂಡವ್ರೆ. ಇದೊಂದಾದ್ರೂ ನನ್ನ ಕಡೇದಾಗಿರ್ಲಿ."